ಆರೋಗ್ಯರಂಗದಲ್ಲಿ ಸ್ತ್ರೀಯ ಮುಂದಾಳುತನ

ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಹಣೆಯ ಮೇಲೆ ಕೈಯಿಟ್ಟು ನೋಡುವವಳು ಹೆಣ್ಣು. ಗಂಜಿ ಕಾಯಿಸುವವಳು, ಔಷಧದ ವೇಳೆಯನ್ನು ನೆನಪಿನಲ್ಲಿಡುವವಳು, ಆಸ್ಪತ್ರೆಯಲ್ಲಿ ರೋಗಿಯ ಮಗ್ಗುಲಲ್ಲಿ ರಾತ್ರಿಯಿಡೀ ಎಚ್ಚರವಿರುವವಳು ಅವಳೇ. ಆದರೆ ಅವಳೇ ರೋಗಿಯಾದಾಗ ವೈದ್ಯರಲ್ಲಿಗೆ ಎಂದು ಹೋಗಬೇಕು, ಎಷ್ಟು ಹಣ ವೆಚ್ಚ ಮಾಡಬಹುದು ಎಂಬುದನ್ನು ನಿರ್ಣಯಿಸುವವರು ಬಹುಮಟ್ಟಿಗೆ ಬೇರೆಯವರು. ಈ ವೈಚಿತ್ರ್ಯ ನಮ್ಮ ಮನೆಗಳಿಗಷ್ಟೇ ಸೀಮಿತವಾದುದಲ್ಲ. ಜಗತ್ತಿನ ಆರೋಗ್ಯಸೇವೆಯಲ್ಲಿ ದುಡಿಯುವವರ ಪೈಕಿ ನೂರಕ್ಕೆ 70ರಷ್ಟು ಮಂದಿ ಸ್ತ್ರೀಯರೆಂದೂ, ಹಿರಿಯ ಅಧಿಕಾರಸ್ಥಾನಗಳಲ್ಲಿ ಮಾತ್ರ ಅವರ ಪಾಲು ನೂರಕ್ಕೆ 25ರಷ್ಟೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ವರದಿ ತಿಳಿಸುತ್ತದೆ. ಶುಶ್ರೂಷೆ ಹೆಣ್ಣಿನದು, ತೀರ್ಮಾನ ಗಂಡಿನದು ಎಂಬ ಮನೆಯ ರೂಢಿಯೇ ಆಸ್ಪತ್ರೆಯ ಹೆಬ್ಬಾಗಿಲನ್ನೂ ದಾಟಿ ಒಳಗೆ ಬಂದಿದೆ.

ಮುಂದಾಳುತನವೆಂದೊಡನೆ ವೇದಿಕೆ, ಹಾರ, ಭಾಷಣಗಳು ನಮ್ಮ ಕಣ್ಣೆದುರು ನಿಲ್ಲುತ್ತವೆ. ಈ ಲೇಖನದಲ್ಲಿ ಆ ಶಬ್ದಕ್ಕೆ ಅಷ್ಟು ಆಡಂಬರದ ಅರ್ಥವಿಲ್ಲ. ಇದುವರೆಗೆ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳುವುದು, ಉತ್ತರ ಬರುವವರೆಗೆ ಸುಮ್ಮನಾಗದಿರುವುದು, ತನ್ನ ಹಾಗೆ ಮಾತನಾಡಲಾರದವರ ಪರವಾಗಿ ಮಾತನಾಡುವುದು, ಇಷ್ಟೇ ಅದರ ಅರ್ಥ. ಇದಕ್ಕೆ ಉದಾಹರಣೆ ಹುಡುಕುತ್ತ ನಾವು ದೂರ ಹೋಗಬೇಕಾಗಿಲ್ಲ. ಮುಂಬ್ರಾದಿಂದ ರೈಲು ಹತ್ತಿ ದಿವಾ, ಡೊಂಬಿವಲಿಗಳನ್ನು ದಾಟಿದರೆ ಸಿಗುವ ಕಲ್ಯಾಣವೇ ಸಾಕು.

ಕಲ್ಯಾಣದ ಆನಂದೀಬಾಯಿ

ಆನಂದೀಬಾಯಿ ಜೋಶಿ ಕಲ್ಯಾಣದ ಜಮೀನುದಾರ ಮನೆತನವೊಂದರ ಮಗಳು. ಹುಟ್ಟಿದ್ದು 1865ರ ಮಾರ್ಚ್ 31ರಂದು. ತೌರಿನವರು ಇಟ್ಟ ಹೆಸರು ಯಮುನಾ. ಒಂಬತ್ತನೆಯ ವಯಸ್ಸಿನಲ್ಲಿ, ತನಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯನಾದ ಅಂಚೆ ಇಲಾಖೆಯ ಗುಮಾಸ್ತ ಗೋಪಾಲರಾವ್ ಜೋಶಿಯೊಡನೆ ಅವಳ ವಿವಾಹ ನಡೆಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಗಂಡುಮಗುವೊಂದನ್ನು ಹೆತ್ತಳು. ತಕ್ಕ ವೈದ್ಯೋಪಚಾರವಿಲ್ಲದೆ ಆ ಕೂಸು ಹತ್ತು ದಿನ ಮಾತ್ರ ಬದುಕಿತು. ಅಂದಿನ ಕಾಲದಲ್ಲಿ ಇಂಥ ಸಾವು ಮನೆಮನೆಯ ಸಂಗತಿ. ಹಣೆಬರಹವೆಂದು ಕಣ್ಣೊರೆಸಿಕೊಂಡು ಮುಂದಿನ ಬಸಿರಿಗೆ ಅಣಿಯಾಗುವುದು ವಾಡಿಕೆಯಾಗಿತ್ತು. ಈ ಬಾಲೆ ಮಾತ್ರ ತಾನೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ನಿಶ್ಚಯಿಸಿದಳು.

ಗೋಪಾಲರಾವ್ ವಿಚಿತ್ರ ಸ್ವಭಾವದವನು. ಹೆಂಡತಿ ಓದಲೇಬೇಕೆಂಬುದು ಅವನ ಹಟ, ಆ ಹಟದಲ್ಲಿ ಕ್ರೌರ್ಯವೂ ಇತ್ತು. ಅವನನ್ನು ಆದರ್ಶ ಪತಿಯೆಂದು ಹೊಗಳುವ ರೂಢಿ ನಮ್ಮಲ್ಲಿದೆ. ಅದು ಅರ್ಧಸತ್ಯವೆಂದೇ ನಮ್ಮ ಅಭಿಪ್ರಾಯ. ಏನಿದ್ದರೂ 1880ರಲ್ಲಿ ಅವನು ಅಮೆರಿಕದ ಪಾದ್ರಿ ವೈಲ್ಡರ್ ಎಂಬುವರಿಗೆ ಬರೆದ ಪತ್ರ ಅಲ್ಲಿಯ ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜೆರ್ಸಿಯ ರೋಸೆಲ್ ಊರಿನ ಥಿಯೋಡೀಷಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ವೈದ್ಯರಲ್ಲಿ ತನ್ನ ಸರದಿಗಾಗಿ ಕಾಯುತ್ತಿದ್ದಾಗ ಅದನ್ನು ಓದಿದಳು. ಕಂಡು ಕೇಳದ ನಾಡಿನ ಹುಡುಗಿಗೆ ತಾನಾಗಿ ಪತ್ರ ಬರೆದಳು. ಆಗ ಆರಂಭವಾದ ಸ್ನೇಹ ಆನಂದೀಬಾಯಿಯ ಕೊನೆಯವರೆಗೂ ಉಳಿಯಿತು.

1883ರ ಫೆಬ್ರವರಿಯಲ್ಲಿ ಶ್ರೀರಾಮಪುರದ ಕಾಲೇಜಿನ ಸಭಾಂಗಣದಲ್ಲಿ ಆನಂದೀಬಾಯಿ ಸಾರ್ವಜನಿಕ ಸಭೆಯನ್ನುದ್ದೇಶಿಸಿ ಮಾತನಾಡಿದಳು. ವಯಸ್ಸು ಇನ್ನೂ ಹದಿನೆಂಟು ತುಂಬಿರಲಿಲ್ಲ. ತಾನು ಅಮೆರಿಕಕ್ಕೆ ಏಕೆ ಹೋಗುತ್ತಿರುವೆನೆಂಬುದೇ ಭಾಷಣದ ವಿಷಯ. ಹಿಂದೂ ಸ್ತ್ರೀಯರಿಗೆ ಹಿಂದೂ ವೈದ್ಯೆಯರ ಅಗತ್ಯವಿದೆಯೆಂದು ಅವಳು ವಾದಿಸಿದಳು. ಪುರುಷ ವೈದ್ಯರ ಮುಂದೆ ಮೈಯ ತೊಂದರೆಯನ್ನು ಹೇಳಿಕೊಳ್ಳುವುದಕ್ಕಿಂತ ಸಾಯುವುದೇ ಮೇಲೆಂದು ಈ ನಾಡಿನ ಹೆಂಗಸರು ಭಾವಿಸುತ್ತಾರೆಂಬುದನ್ನು ಮುಂದೆ ಕಾಲೇಜಿಗೆ ಬರೆದ ಪ್ರವೇಶದ ಅರ್ಜಿಯಲ್ಲಿಯೂ ಕಾಣಿಸಿದಳು. ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ತನಗೆ ಓದುವ ಆಸೆಯಿದೆ, ಅವಕಾಶ ಕೊಡಿರೆಂದು ಅವಳು ಬೇಡಲಿಲ್ಲ; ವೈದ್ಯೆಯರಿಲ್ಲದ ಕಾರಣ ಹೆಂಗಸರು ಸಾಯುತ್ತಿದ್ದಾರೆಂದು ಸಮಾಜಕ್ಕೆ ಲೆಕ್ಕ ಒಪ್ಪಿಸಿದಳು. ಸ್ವಂತ ದುಃಖವನ್ನು ಸಾರ್ವಜನಿಕ ಪ್ರಶ್ನೆಯನ್ನಾಗಿ ಮಾಡುವುದೆಂದರೆ ಇದೇ.

ಅದೇ ವರ್ಷ ಹಡಗು ಹತ್ತಿ, ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದಳು. ಅಲ್ಲಿಯ ಚಳಿಯಲ್ಲೂ ಸೀರೆಯನ್ನು ಬಿಡಲಿಲ್ಲ, ಸಸ್ಯಾಹಾರವನ್ನೂ ಬಿಡಲಿಲ್ಲ. 1886ರ ಮಾರ್ಚಿನಲ್ಲಿ ಪದವಿ ಪಡೆದಾಗ ಪಂಡಿತಾ ರಮಾಬಾಯಿ ಸಮಾರಂಭದಲ್ಲಿ ಉಪಸ್ಥಿತರಿದ್ದರು. ಆನಂದೀಬಾಯಿಯ ಪ್ರಬಂಧದ ವಿಷಯ ಪ್ರಾಚೀನ ಹಿಂದೂಗಳ ಪ್ರಸೂತಿಶಾಸ್ತ್ರ. ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀವಿಭಾಗದ ಹೊಣೆ ಅವಳಿಗಾಗಿ ಕಾದಿತ್ತು. ಆದರೆ ಕ್ಷಯರೋಗ ಅಷ್ಟರಲ್ಲಿ ದೇಹವನ್ನು ಹಿಡಿದಿತ್ತು. ತಾಯ್ನಾಡಿಗೆ ಮರಳಿದ ಕೆಲವೇ ತಿಂಗಳಲ್ಲಿ, 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಳು. ಇಪ್ಪತ್ತೆರಡು ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು. ಅವಳ ಚಿತಾಭಸ್ಮವನ್ನು ಕಾರ್ಪೆಂಟರ್ ಕುಟುಂಬದವರು ನ್ಯೂಯಾರ್ಕ್ ಪ್ರಾಂತದ ಪೊಕೀಪ್ಸಿಯಲ್ಲಿ ತಮ್ಮ ಮನೆತನದ ಸಮಾಧಿಭೂಮಿಯಲ್ಲಿ ಇರಿಸಿದರು.

ಒಬ್ಬ ರೋಗಿಗೂ ತನ್ನೂರಿನಲ್ಲಿ ಸ್ವತಂತ್ರವಾಗಿ ಚಿಕಿತ್ಸೆ ನೀಡಲಾಗದೆ ಹೋದವಳು ಸಾಧಿಸಿದ್ದೇನು ಎಂದು ಕೇಳಬಹುದು. ಅವಳ ಕಾಲದಲ್ಲೇ ಮುಂಬಯಿಯಲ್ಲಿ ಬಾಗಿಲುಗಳು ತೆರೆಯತೊಡಗಿದ್ದವು. 1883ರಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜು ವಿದ್ಯಾರ್ಥಿನಿಯರಿಗೆ ಪ್ರವೇಶವಿತ್ತಿತು. 1886ರಲ್ಲಿ ಕಾಮಾ ಆಸ್ಪತ್ರೆ ತೆರೆಯಿತು. ಸ್ತ್ರೀಯರಿಗಾಗಿ, ವೈದ್ಯೆಯರಿಂದಲೇ ನಡೆಯುವ ಆಸ್ಪತ್ರೆಯದು. ಅದರ ಮೊದಲ ಮುಖ್ಯಸ್ಥೆ ಎಡಿತ್ ಪೀಚಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆಗಾಗಿ ಹೋರಾಡಿದ ಏಳು ಮಂದಿ ಹೆಂಗಳೆಯರಲ್ಲಿ ಒಬ್ಬರು. ಅತ್ತ ಕಲಕತ್ತೆಯಲ್ಲಿ ಕಾದಂಬಿನಿ ಗಂಗೂಲಿಯವರೂ 1886ರಲ್ಲೇ ವೈದ್ಯೆಯಾದರು.

ವಿವಾಹವೂ ಆರೋಗ್ಯದ ಪ್ರಶ್ನೆಯೇ

ಆನಂದೀಬಾಯಿಗಿಂತ ಕೆಲವೇ ತಿಂಗಳು ಹಿರಿಯರಾದ ರುಖ್ಮಾಬಾಯಿಯವರ ಹಾದಿ ಬೇರೆ. ಹನ್ನೊಂದನೆಯ ವಯಸ್ಸಿನಲ್ಲಿ ಅವರ ಮದುವೆಯಾಯಿತು, ಆದರೆ ಅವರು ತೌರಿನಲ್ಲೇ ಉಳಿದರು. 1884ರಲ್ಲಿ ಗಂಡ ದಾದಾಜಿ ಭಿಕಾಜಿ ಹೆಂಡತಿಯನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ಮುಂಬಯಿ ಹೈಕೋರ್ಟಿನಲ್ಲಿ ದಾವೆ ಹೂಡಿದ. ಬುದ್ಧಿ ಬಾರದ ವಯಸ್ಸಿನಲ್ಲಿ ನಡೆದ ವಿವಾಹಕ್ಕೆ ತಾನು ಬದ್ಧಳಲ್ಲವೆಂಬುದು ರುಖ್ಮಾಬಾಯಿಯವರ ನಿಲುವು. ಮೊದಲ ತೀರ್ಪು ಅವರ ಪರವಾಗಿ ಬಂದರೂ, 1887ರಲ್ಲಿ ನ್ಯಾಯಾಲಯ ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳ ಸೆರೆವಾಸ ಅನುಭವಿಸಬೇಕೆಂದಿತು. ಸೆರೆಗೆ ಸಿದ್ಧವೆಂದರು ಆ ತರುಣಿ. ಮರುವರ್ಷ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿಯಾಯಿತು. ಅನಂತರ ಲಂಡನ್ನಿನಲ್ಲಿ ಓದಿ ವೈದ್ಯೆಯಾಗಿ, 1895ರಿಂದ ಸೂರತ್ತಿನಲ್ಲಿಯೂ ಮುಂದೆ ರಾಜಕೋಟೆಯಲ್ಲಿಯೂ ಹೆಂಗಸರ ಆಸ್ಪತ್ರೆಗಳನ್ನು ದಶಕಗಳ ಕಾಲ ನಡೆಸಿದರು. 1955ರಲ್ಲಿ ತೀರಿಕೊಂಡರು.

ಈ ಮೊಕದ್ದಮೆ ಎಬ್ಬಿಸಿದ ಚರ್ಚೆ 1891ರ ಸಮ್ಮತಿ ವಯಸ್ಸಿನ ಕಾಯಿದೆಗೆ ಒಂದು ಕಾರಣವಾಯಿತು. ಆ ಕಾಯಿದೆ ವಯೋಮಿತಿಯನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಇಷ್ಟಕ್ಕೇ ಧರ್ಮ ಮುಳುಗಿತೆಂದು ದೊಡ್ಡವರೆನಿಸಿಕೊಂಡವರೂ ಕೂಗಾಡಿದರು. ಡಾ. ಪೀಚಿಯವರು 1890ರಲ್ಲಿ ಮುಂಬಯಿಯ ಹಿಂದೂ ಸಮಾಜವನ್ನುದ್ದೇಶಿಸಿ ಬಾಲ್ಯವಿವಾಹದ ವಿರುದ್ಧ ಉಪನ್ಯಾಸವಿತ್ತರು. ಬೆಳೆಯದ ದೇಹಕ್ಕೆ ಬಸಿರಿನ ಭಾರವನ್ನು ಹೊರಿಸುವುದು ಶಾಸ್ತ್ರದ ವಿಚಾರವಷ್ಟೇ ಅಲ್ಲ, ರೋಗನಿದಾನದ ವಿಚಾರವೂ ಹೌದು. ಹೆರಿಗೆಯ ಕೋಣೆಯಲ್ಲಿ ನಿಂತ ವೈದ್ಯೆಯರಿಗೆ ಈ ಮಾತನ್ನು ಹೇಳುವ ಅಧಿಕಾರ ತಾನಾಗಿ ಬಂದಿತ್ತು.

ಕನ್ನಡದಲ್ಲಿ ಮಾತನಾಡಿದ ವೈದ್ಯೆ

ಇಂಥದೇ ಅಧಿಕಾರದಿಂದ ಕನ್ನಡದ ಹೆಂಗಸರೊಡನೆ ಮಾತನಾಡಿದವರು ಡಾ. ಅನುಪಮಾ ನಿರಂಜನ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿ, ಮೈಸೂರಿನಲ್ಲಿ ವೈದ್ಯಕೀಯ ಓದಿ, ಧಾರವಾಡ ಹಾಗೂ ಬೆಂಗಳೂರುಗಳಲ್ಲಿ ವೃತ್ತಿ ನಡೆಸಿದ ಅವರನ್ನು ನಮ್ಮಲ್ಲಿ ಹಲವರು ಕಾದಂಬರಿಕಾರ್ತಿಯೆಂದೇ ಬಲ್ಲರು. ಆದರೆ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಮುಂತಾದ ಪುಸ್ತಕಗಳು ಮಾಡಿದ ಕೆಲಸ ಕಾದಂಬರಿಗಳದಕ್ಕಿಂತ ಕಡಿಮೆಯದಲ್ಲ. ಮುಟ್ಟು, ಬಸಿರು, ಬಾಣಂತನ, ದಾಂಪತ್ಯಸುಖ ಇವುಗಳ ಬಗೆಗೆ ಸಂಕೋಚವಿಲ್ಲದೆ, ಅಸಭ್ಯತೆಯೂ ಇಲ್ಲದೆ ಬರೆಯಬಲ್ಲ ಗದ್ಯವನ್ನು ಅವರು ರೂಪಿಸಿದರು. ತೌರಿನಿಂದ ದೂರ, ಪರಭಾಷೆಯ ಊರಿನಲ್ಲಿ ಸಂಸಾರ ಹೂಡಿದ ಕನ್ನಡತಿಗೆ ಅಂಥ ಪುಸ್ತಕ ಎಷ್ಟು ದೊಡ್ಡ ಆಸರೆಯೆಂಬುದನ್ನು ಮುಂಬಯಿ ಸೀಮೆಯ ನಮಗೆ ಬೇರೆ ಹೇಳಬೇಕಾಗಿಲ್ಲ. ವೈದ್ಯರ ಮುಂದೆ ಕುಳಿತಾಗ ನೋವಿಗೆ ಹೆಸರು ಗೊತ್ತಿಲ್ಲದಿದ್ದರೆ ಅರ್ಧ ಚಿಕಿತ್ಸೆ ಅಲ್ಲಿಯೇ ಸೋಲುತ್ತದೆ. ಅನುಪಮಾ ಅವರು 1991ರಲ್ಲಿ ಕ್ಯಾನ್ಸರಿನಿಂದ ನಿಧನರಾದರು.

ಅಕ್ಷರ ಬಾರದೆಯೂ ಮುಂದಾಳಾದವರಿದ್ದಾರೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ವೈದ್ಯಸೌಕರ್ಯವಿಲ್ಲದ ಹಳ್ಳಿಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಸಯನ್ ಆಸ್ಪತ್ರೆಯ ಹಾಲಿನ ಭಂಡಾರ

ಆಸ್ಪತ್ರೆಯ ಒಳಗಿದ್ದುಕೊಂಡೇ ಆಸ್ಪತ್ರೆಯ ರೂಢಿಯನ್ನು ಬದಲಿಸುವುದು ಇನ್ನೊಂದು ಬಗೆಯ ಮುಂದಾಳುತನ. ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವೈದ್ಯೆಯಾಗಿದ್ದ ಡಾ. ಆರ್ಮಿಡಾ ಫೆರ್ನಾಂಡಿಸ್ ಅವರ ಮುಂದಿದ್ದ ಸಮಸ್ಯೆ ಸರಳವಾಗಿ ಹೇಳಬಹುದಾದದ್ದು, ಪರಿಹಾರ ಮಾತ್ರ ಸುಲಭವಲ್ಲ. ಧಾರಾವಿ ಮತ್ತಿತರ ಬಡಕೇರಿಗಳಿಂದ ಬರುವ, ದಿನ ತುಂಬದೆ ಹುಟ್ಟಿದ ಕೂಸುಗಳು ಸೋಂಕಿನಿಂದ ಸಾಯುತ್ತಿದ್ದವು. ಬೇಕಾದ ಯಂತ್ರಗಳಿಲ್ಲ, ದಾದಿಯರು ಸಾಲರು. ಬಾಟಲಿಯ ಹಾಲನ್ನು ದೂರವಿರಿಸಿ ತಾಯಂದಿರನ್ನೇ ಶಿಶುಗಳ ಬಳಿಗೆ ಕರೆತಂದು, ಕೈ ತೊಳೆಯುವುದರಿಂದ ಹಿಡಿದು ಶುಶ್ರೂಷೆಯನ್ನು ಕಲಿಸುವ ಕ್ರಮವನ್ನು ಅವರು ಕೈಕೊಂಡರು. ಎದೆಹಾಲು ಮೊದಲ ಔಷಧವಾಯಿತು.

ಆದರೆ ತಾಯಿ ತೀರ ಅಸ್ವಸ್ಥಳಾಗಿದ್ದರೆ, ಅಥವಾ ಹಾಲು ಸಾಲದಿದ್ದರೆ? ಈ ಪ್ರಶ್ನೆಗೆ ಉತ್ತರವಾಗಿ 1989ರಲ್ಲಿ ಸಯನ್‌ನಲ್ಲಿ ಎದೆಹಾಲಿನ ಭಂಡಾರ ಸ್ಥಾಪನೆಯಾಯಿತು. ಏಷ್ಯಾಖಂಡದಲ್ಲಿ ಅದೇ ಮೊದಲನೆಯದು. ಅದರ ಕಾರ್ಯವಿಧಾನ ತಿಳಿಯತಕ್ಕದ್ದು. ಹಾಲು ಹೆಚ್ಚಾಗಿರುವ ತಾಯಿ ತಾನಾಗಿ ಒಪ್ಪಿ ದಾನ ಮಾಡುತ್ತಾಳೆ. ಆಕೆಗೆ ಏಡ್ಸ್ ವೈರಾಣು, ಹೆಪಟೈಟಿಸ್ ಬಿ, ಸಿಫಿಲಿಸ್ ಮುಂತಾದ ಸೋಂಕುಗಳಿಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಲಾಗುತ್ತದೆ. ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸಿ, ಒಡನೆ ತಣಿಸಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾಪಿಡುತ್ತಾರೆ. ಈ ಹದದ ಶಾಖದಲ್ಲಿ ರೋಗಾಣುಗಳು ಸಾಯುತ್ತವೆ, ಹಾಲಿನ ರಕ್ಷಕಗುಣ ಬಹುಪಾಲು ಉಳಿಯುತ್ತದೆ. ಹಾಲು ಯಾರದು, ಯಾವ ಜಾತಿಯ ತಾಯಿಯದು ಎಂಬ ಪ್ರಶ್ನೆ ಅಲ್ಲಿಲ್ಲ. ಸಾವಿನ ಅಂಚಿನಲ್ಲಿರುವ ಕೂಸಿನ ಮನೆಯವರೂ ಅದನ್ನು ಕೇಳುವುದಿಲ್ಲ. ಡಾ. ಫೆರ್ನಾಂಡಿಸ್ ಮುಂದೆ ಆ ಆಸ್ಪತ್ರೆಯ ಡೀನ್ ಆದರು; 1999ರಲ್ಲಿ ‘ಸ್ನೇಹಾ’ ಸಂಸ್ಥೆಯನ್ನು ಕಟ್ಟಿ ಧಾರಾವಿಯಂಥ ಕೇರಿಗಳ ತಾಯಿ-ಮಕ್ಕಳ ಸೇವೆಗೆ ತೊಡಗಿದರು.

ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮಹಾನಗರಪಾಲಿಕೆಯೂ ‘ಸೇಹತ್’ ಎಂಬ ಸಂಶೋಧನಸಂಸ್ಥೆಯೂ ಕೂಡಿ 2000ದಲ್ಲಿ ಆರಂಭಿಸಿದ ‘ದಿಲಾಸಾ’ ಕೇಂದ್ರವೂ ಇಂಥದೇ ಬದಲಾವಣೆ. ಬಚ್ಚಲಲ್ಲಿ ಜಾರಿಬಿದ್ದೆನೆಂದು ಹೇಳುತ್ತ ಬರುವ ಹೆಂಗಸಿನ ಗಾಯಕ್ಕೆ ಪಟ್ಟಿ ಕಟ್ಟಿ ಕಳುಹಿಸುವುದಷ್ಟೇ ಹಿಂದಿನ ರೂಢಿ. ಆ ಗಾಯ ಹೇಗಾಯಿತೆಂದು ಬೇರೆ ಕೋಣೆಯಲ್ಲಿ ಕೂರಿಸಿ ಮೆಲ್ಲನೆ ಕೇಳುವುದೂ ಚಿಕಿತ್ಸೆಯ ಭಾಗವೆಂದು ಅಲ್ಲಿ ಗೃಹೀತವಾಯಿತು.

ಮೂರು ವಿಳಂಬಗಳು

ಭಾರತದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ 1997-98ರಲ್ಲಿ 398 ಇದ್ದದ್ದು 2018-20ರ ಗಣನೆಯಲ್ಲಿ 97ಕ್ಕೆ ಇಳಿಯಿತು. ಆ ಗಣನೆಯಲ್ಲಿ ಮಹಾರಾಷ್ಟ್ರದ್ದು 33, ಕರ್ನಾಟಕದ್ದು 69. ದೊಡ್ಡ ಸುಧಾರಣೆಯೇ ಸರಿ. ಉಳಿದ ಸಾವುಗಳು ಏಕೆ ಸಂಭವಿಸುತ್ತವೆಂಬುದನ್ನು ವಿವರಿಸಲು ಥ್ಯಾಡಿಯಸ್ ಮತ್ತು ಮೇಯ್ನ್ ಎಂಬಿಬ್ಬರು ಸಂಶೋಧಕಿಯರು 1994ರಲ್ಲಿ ಮಂಡಿಸಿದ ವಿಚಾರ ಈಗಲೂ ಉಪಯುಕ್ತವಾಗಿದೆ. ವೈದ್ಯರಲ್ಲಿಗೆ ಹೋಗೋಣವೆಂದು ನಿರ್ಧರಿಸುವಲ್ಲಿ ಒಂದು ವಿಳಂಬ, ಆಸ್ಪತ್ರೆಯನ್ನು ತಲಪುವಲ್ಲಿ ಎರಡನೆಯದು, ತಲಪಿದ ಮೇಲೆ ತಕ್ಕ ಚಿಕಿತ್ಸೆ ಸಿಗುವಲ್ಲಿ ಮೂರನೆಯದು. ಹೆರಿಗೆಯ ಅನಂತರದ ರಕ್ತಸ್ರಾವದಲ್ಲಿ ಗಳಿಗೆ ಗಳಿಗೆಯೂ ಅಮೂಲ್ಯ. ಈ ಮೂರರಲ್ಲಿ ಯಾವುದಾದರೊಂದು ಸಾಕು, ಪ್ರಾಣ ಹೋಗುತ್ತದೆ.

ನಮ್ಮ ಪರಿಸರಕ್ಕೆ ಇದನ್ನು ಅನ್ವಯಿಸಿ ನೋಡೋಣ. ಮುಂಬ್ರಾ ಪಾರಸಿಕ್ ಗುಡ್ಡಕ್ಕೂ ಖಾಡಿಗೂ ನಡುವೆ ಇಕ್ಕಟ್ಟಾಗಿ ಬೆಳೆದ ಊರು. 1992-93ರ ಗಲಭೆಗಳ ತರುವಾಯ ಮುಂಬಯಿಯಿಂದ ಬಂದು ನೆಲೆಸಿದ ಕುಟುಂಬಗಳಿಂದ ಇಲ್ಲಿಯ ಜನವಸತಿ ಥಟ್ಟನೆ ಹೆಚ್ಚಿತು. ಸೌಕರ್ಯಗಳು ಅದೇ ವೇಗದಲ್ಲಿ ಹೆಚ್ಚಲಿಲ್ಲ. ದೊಡ್ಡ ಕಾಯಿಲೆಗೆ ಸಾಮಾನ್ಯರು ನೆಚ್ಚುವುದು ಕಲ್ವಾದಲ್ಲಿರುವ ಥಾಣೆ ನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯನ್ನು. 2023ರ ಆಗಸ್ಟಿನಲ್ಲಿ ಅಲ್ಲಿ 24 ಗಂಟೆಗಳೊಳಗೆ 18 ರೋಗಿಗಳು ಮೃತರಾದ ವಾರ್ತೆ ಎಲ್ಲರನ್ನೂ ತಲ್ಲಣಗೊಳಿಸಿತು. ಸರಕಾರ ವಿಚಾರಣೆಗಾಗಿ ಸಮಿತಿಯನ್ನು ನೇಮಿಸಿತು. ಇಂಥ ಪ್ರಸಂಗಗಳಲ್ಲಿ ಎರಡು ದಿನ ಆಕ್ರೋಶ, ಮೂರನೆಯ ದಿನ ಮರೆವು ಎಂಬುದು ನಮ್ಮ ಹಳೆಯ ಚಾಳಿ. ಹಾಸಿಗೆ ಎಷ್ಟಿವೆ, ರಾತ್ರಿಯ ಪಾಳಿಯಲ್ಲಿ ಪ್ರಸೂತಿತಜ್ಞರು ಇರುತ್ತಾರೆಯೇ, ರಕ್ತದ ವ್ಯವಸ್ಥೆ ಎಲ್ಲಿದೆ ಎಂದು ಬಿಡದೆ ಕೇಳುವ ನಾಗರಿಕರಿಲ್ಲದ ಕಡೆ ಮೂರನೆಯ ವಿಳಂಬ ನೀಗುವುದಿಲ್ಲ. ಆ ಪ್ರಶ್ನೆಗಳನ್ನು ಕೇಳಲು ಆ ಆಸ್ಪತ್ರೆಯ ಬಾಕಿನ ಮೇಲೆ ಕುಳಿತು ಕಾದ ಹೆಂಗಸರಿಗಿಂತ ಅರ್ಹರು ಇಲ್ಲ.

ಮೊದಲನೆಯ ವಿಳಂಬ ಮನೆಯೊಳಗಿನದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಸ್ತ್ರೀಯರಲ್ಲಿ ರಕ್ತಹೀನತೆ ದೇಶದಲ್ಲಿ ನೂರಕ್ಕೆ 57, ಮಹಾರಾಷ್ಟ್ರದಲ್ಲಿ 54, ಕರ್ನಾಟಕದಲ್ಲಿ 48ರಷ್ಟು. ಹಿಮೋಗ್ಲೋಬಿನ್ 12 ಗ್ರಾಮಿಗಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆಯೆನ್ನುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು, ಮಧ್ಯಾಹ್ನದ ಸುಸ್ತು, ತಲೆ ತಿರುಗುವುದು ಇವನ್ನು ಕೆಲಸದ ಆಯಾಸವೆಂದು ತಳ್ಳಿಹಾಕುವುದೇ ಹೆಚ್ಚು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದದ್ದನ್ನು ಉಣ್ಣುವ ಗೃಹಿಣಿಯ ತಟ್ಟೆಯಲ್ಲಿ ಕಾಳು, ಸೊಪ್ಪು, ಮೀನು ಎಷ್ಟು ಉಳಿದಿರುತ್ತದೆ? ಹುರುಳಿ, ರಾಗಿ, ಬಸಳೆ ನಮ್ಮ ಅಡಿಗೆಮನೆಗೆ ಹೊಸತಲ್ಲ; ಊಟದೊಡನೆ ನಿಂಬೆರಸ, ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದೊಡನೆ ಕುಡಿಯುವ ಚಹ ಅದನ್ನು ತಡೆಯುತ್ತದೆ. ಕೊರತೆ ಹೆಚ್ಚಿದ್ದಲ್ಲಿ ಆಹಾರವೊಂದೇ ಸಾಲದು, ವೈದ್ಯರು ಹೇಳಿದಷ್ಟು ಕಾಲ ಮಾತ್ರೆ ನುಂಗಬೇಕು.

ಗರ್ಭಕಂಠದ ಕ್ಯಾನ್ಸರಿನದು ಇನ್ನೂ ಶೋಚನೀಯ. ಎಚ್‌ಪಿವಿ ಎಂಬ ವೈರಾಣುವಿನಿಂದ ವರ್ಷಗಳ ಕಾಲ ಮೆಲ್ಲಗೆ ಬೆಳೆಯುವ ಈ ರೋಗವನ್ನು ಮೊದಲೇ ಕಂಡುಹಿಡಿದರೆ ಗುಣಪಡಿಸಬಹುದು. ಎಳೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ಲಸಿಕೆಯೂ ಇದೆ. ಆದರೂ ಅದೇ ಸಮೀಕ್ಷೆಯಲ್ಲಿ 30ರಿಂದ 49 ವರ್ಷದವರ ಪೈಕಿ ಒಮ್ಮೆಯಾದರೂ ಇದರ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರಷ್ಟೂ ಇಲ್ಲ. ನಾಚಿಕೆ, ಪುರುಷ ವೈದ್ಯರ ಭಯ, ಏನೂ ತೊಂದರೆಯಿಲ್ಲವಲ್ಲ ಎಂಬ ಉದಾಸೀನ: ಆನಂದೀಬಾಯಿ 1883ರಲ್ಲಿ ಹೇಳಿದ ಮಾತಿನ ಅರ್ಧದಷ್ಟು ಇಂದಿಗೂ ನಿಜವೇ ಆಗಿದೆ.

ಬೀದಿಗಿಳಿದವರು

ಮನೆಮನೆಗೆ ಹೋಗಿ ಗರ್ಭಿಣಿಯರನ್ನು ಗುರುತಿಸುವ, ಲಸಿಕೆಯ ದಿನವನ್ನು ನೆನಪಿಸುವ ಆಶಾ ಕಾರ್ಯಕರ್ತೆಯರ ಯೋಜನೆ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದಿತು. 2013ರಲ್ಲಿ ನಗರಗಳ ಅಭಿಯಾನ ಆರಂಭವಾದ ಮೇಲೆ ಪಟ್ಟಣದ ಬಡಕೇರಿಗಳಿಗೂ ವಿಸ್ತರಿಸಿತು. ಸುಮಾರು ಹತ್ತು ಲಕ್ಷ ಮಂದಿಯ ಈ ಪಡೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಗೌರವಿಸಿತು. ಗೌರವ ಬಂದರೂ ಅವರನ್ನು ನೌಕರರೆಂದು ಗಣಿಸದೆ ಸ್ವಯಂಸೇವಕಿಯರೆಂದು ಕರೆದು ಕೆಲಸದ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡುವ ಪದ್ಧತಿಯೇ ನಡೆದುಬಂದಿದೆ. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕುಳಿತದ್ದು ಈ ಕಾರಣಕ್ಕೆ. ಇತರರ ಆರೋಗ್ಯಕ್ಕಾಗಿ ಬಾಗಿಲು ತಟ್ಟಿ ಅಭ್ಯಾಸವಾದವರು ಕೊನೆಗೆ ತಮ್ಮ ಪಾಲಿಗಾಗಿ ವಿಧಾನಸೌಧದ ಬಾಗಿಲನ್ನೂ ತಟ್ಟಿದರು.

ನಮ್ಮ ಮುಂಬ್ರಾದಲ್ಲಿಯೇ ‘ಪರಚಮ್’ ಎಂಬ ಸಂಸ್ಥೆ 2012ರಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸತೊಡಗಿತು. ಆಡಲು ಮೈದಾನವಿಲ್ಲ, ಇದ್ದ ಬಯಲುಗಳೆಲ್ಲ ಹುಡುಗರ ವಶ. ಹುಡುಗಿಯರು ಸಹಿ ಸಂಗ್ರಹಿಸಿ, ತಮಗೂ ಆಟದ ಜಾಗ ಬೇಕೆಂದು ಜನಪ್ರತಿನಿಧಿಗಳ ಮುಂದೆ ಮನವಿ ಇಟ್ಟರು. ಇದು ಕ್ರೀಡೆಯ ಸುದ್ದಿ, ಆರೋಗ್ಯಲೇಖನದಲ್ಲಿ ಇದಕ್ಕೇನು ಕೆಲಸವೆಂದು ಕೆಲವರಿಗೆ ಅನಿಸಬಹುದು. ಬೆಳೆಯುವ ವಯಸ್ಸಿನ ಓಟ ಎಲುಬನ್ನು ಗಟ್ಟಿಮಾಡುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಹದಿನೈದರಲ್ಲಿ ಮೈದಾನ ಕೇಳಿದವಳು ಮೂವತ್ತರಲ್ಲಿ ತನ್ನ ರಕ್ತಪರೀಕ್ಷೆಯ ಫಲಿತಾಂಶವನ್ನೂ ಕೇಳುತ್ತಾಳೆ.

ಸಂಘದ ಮಹಿಳಾ ವಿಭಾಗದವರು ಅರಿಶಿನ-ಕುಂಕುಮ, ರಂಗವಲ್ಲಿ ಸ್ಪರ್ಧೆಗಳ ಜೊತೆಗೆ ಕೈಗೊಳ್ಳಬಹುದಾದ ಸಣ್ಣ ಕೆಲಸಗಳು ಕೆಲವಿವೆ. ಊರಿಂದ ಹೊಸತಾಗಿ ಬಂದು ಮರಾಠಿ, ಹಿಂದಿ ಬಾರದ ಬಸುರಿಯೊಡನೆ ಆಸ್ಪತ್ರೆಗೆ ಒಬ್ಬರು ಹೋಗಿಬರಬಹುದು. ವರ್ಷಕ್ಕೊಮ್ಮೆ ರಕ್ತದ ಹಾಗೂ ಗರ್ಭಕಂಠದ ತಪಾಸಣೆಯನ್ನು ವೈದ್ಯೆಯರಿಂದಲೇ ಏರ್ಪಡಿಸಬಹುದು. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಶಸ್ತ್ರಕ್ರಿಯೆಯೂ ಸೇರಿ, ಉಚಿತ. ಔಷಧ, ರಕ್ತ, ಪರೀಕ್ಷೆ, ಊಟ, ಮನೆಗೆ ಮರಳುವ ವಾಹನಕ್ಕೂ ಹಣ ಕೇಳುವಂತಿಲ್ಲ. ತುರ್ತು ವಾಹನಕ್ಕೆ 108, ಗರ್ಭಿಣಿ-ಬಾಣಂತಿಯರ ವಾಹನಕ್ಕೆ 102, ಹಿಂಸೆಗೊಳಗಾದ ಮಹಿಳೆಯ ನೆರವಿಗೆ 181 ದೂರವಾಣಿ ಸಂಖ್ಯೆಗಳು. ಈ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಬಹುದು.